ಬೀದಿಯ ಶಿಲುಬೆಯಿಂದ ಯೂಟ್ಯೂಬ್‌ವರೆಗೆ: ಮುಂಬೈ, ಗೋವಾ ಕ್ರೈಸ್ತರ ಅಂತರ್ಜಾಲ ಬಳಕೆ

ಮುಂಬೈಯ ಬಾಂದ್ರಾದ ಹಳೆಯ ಗಲ್ಲಿಗಳಲ್ಲಿ ನಡೆದರೆ ತಿರುವಿನಲ್ಲಿ ಕಲ್ಲಿನ ಶಿಲುಬೆಗಳು ಎದುರಾಗುತ್ತವೆ. ಅವುಗಳಲ್ಲಿ ಹಲವು 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ, ರೋಗ ತಮ್ಮ ಕೇರಿಗೆ ತಟ್ಟದಿರಲಿ ಎಂದು ಜನ ಬೇಡಿಕೊಂಡು ನಿಲ್ಲಿಸಿದವು. ಇಂದಿಗೂ ಅವುಗಳಿಗೆ ಹೂಮಾಲೆ ಬೀಳುತ್ತದೆ, ನೆರೆಹೊರೆಯವರು ಸೇರಿ ಜಪಮಾಲೆ ಹೇಳುತ್ತಾರೆ. ಮುಂಬೈ, ಗೋವಾದ ಕ್ರೈಸ್ತರು ಅಂತರ್ಜಾಲವನ್ನು ಬಳಸುವ ಬಗೆಯನ್ನು ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಇಲ್ಲಿಂದಲೇ ತೊಡಗಬೇಕು ಎಂಬುದು ನನ್ನ ಅಭಿಪ್ರಾಯ. ನಂಬಿಕೆಯನ್ನು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಇಡುವ ರೂಢಿ ಮೊಬೈಲ್ ಜೊತೆ ಹುಟ್ಟಿದ್ದಲ್ಲ. ಅದಕ್ಕೆ ಹೊಸ ಸಾಧನವನ್ನು ಹಿಡಿಯುವ ರೂಢಿಯೂ ಹಳೆಯದೇ. ಗೋವಾದಲ್ಲಿ ಜೆಸ್ವಿಟ್ ಎಂಬ ಕಥೋಲಿಕ ಸಂಘದ ಪಾದ್ರಿಗಳ ಕೈಗೆ ಮುದ್ರಣಯಂತ್ರ ಬಂದದ್ದು 1556ರಲ್ಲಿ. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಮಂಗಳೂರಿನಲ್ಲಿ ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್.

ಇನ್ನು ಈ ಅಂತರ್ಜಾಲ ಬಳಕೆಯ ವಿಂಗಡಣೆಗೆ ಬರೋಣ. 2000ದಲ್ಲಿ ಕ್ರಿಸ್ಟೋಫರ್ ಹೆಲ್ಯಾಂಡ್ ಎಂಬ ವಿದ್ವಾಂಸರು ಜಾಲದ ಧಾರ್ಮಿಕ ಬಳಕೆಯನ್ನು ಎರಡಾಗಿ ನೋಡಿದರು. ಒಂದು, ಧರ್ಮದ ಬಗ್ಗೆ ಮಾಹಿತಿ ಕೊಡುವುದು. ಇನ್ನೊಂದು, ಜಾಲದಲ್ಲೇ ಧರ್ಮವನ್ನು ಆಚರಿಸುವುದು. ಬಲಿಪೂಜೆಯ (ಚರ್ಚಿನ ಮುಖ್ಯ ಆರಾಧನೆಯ) ವೇಳಾಪಟ್ಟಿ, ಬಾಂದ್ರಾದ ಮೌಂಟ್ ಮೇರಿ ಚರ್ಚಿನ ಸೆಪ್ಟೆಂಬರ್ ಜಾತ್ರೆಯ ಪ್ರಕಟಣೆ ಮೊದಲನೆಯ ಬಗೆ. ಜನರು ಪರದೆಯ ಮುಂದೆ ಕೂಡಿ ಪ್ರಾರ್ಥಿಸುವುದು ಎರಡನೆಯದು. ಈ ಎರಡರ ನಡುವಿನ ಗೆರೆ ಮಸುಕಾಗುತ್ತಿದೆ ಎಂದು ಮುಂದೆ ಅವರೇ ಬರೆದರು.

ಕಥೋಲಿಕ ಸಭೆ ಮಾತ್ರ ಗೆರೆಯನ್ನು ಅಳಿಸಲು ಒಪ್ಪಲಿಲ್ಲ. ಅಂತರ್ಜಾಲದ ಮೇಲೆ ಸಂಸ್ಕಾರಗಳು, ಅಂದರೆ ಪಾಪನಿವೇದನೆ, ಪರಮಪ್ರಸಾದದಂಥ ಪವಿತ್ರ ವಿಧಿಗಳು, ಇಲ್ಲ ಎಂದು ಸಭೆಯ ಆಡಳಿತ ಕೇಂದ್ರವಾದ ವ್ಯಾಟಿಕನ್ 2002ರಲ್ಲೇ ಸ್ಪಷ್ಟವಾಗಿ ಹೇಳಿತು. ಪಾಪನಿವೇದನೆಗೆ ಗುರುಗಳ ಮುಂದೆ ಹೋಗಬೇಕು, ಪರಮಪ್ರಸಾದವನ್ನು (ಪೂಜೆಯಲ್ಲಿ ಪವಿತ್ರಗೊಳಿಸಿ ಕೊಡುವ ರೊಟ್ಟಿಯನ್ನು) ಕೈಯಿಂದಲೋ ನಾಲಿಗೆಯಿಂದಲೋ ಸ್ವೀಕರಿಸಬೇಕು. ಈ ಮಾತಿನ ಭಾರ ತಿಳಿದದ್ದು 2020ರ ಲಾಕ್‌ಡೌನಿನಲ್ಲಿ. ಇಗರ್ಜಿಗಳು (ಚರ್ಚುಗಳು) ಮುಚ್ಚಿದ್ದವು, ಪೂಜೆ ನೇರಪ್ರಸಾರವಾಗುತ್ತಿತ್ತು. ನನ್ನ ಅಜ್ಜಿ ತಲೆಗೆ ಬಟ್ಟೆ ಹೊದ್ದು ಟಿ.ವಿ. ಮುಂದೆ ಮೊಣಕಾಲೂರುತ್ತಿದ್ದಳು, ಪ್ರಸಾದದ ಹೊತ್ತಿಗೆ ಅಳುತ್ತಿದ್ದಳು. ಪ್ರಾಟೆಸ್ಟೆಂಟರ ಕೆಲವು ಸಭೆಗಳಲ್ಲಿ ಮನೆಯವರು ರೊಟ್ಟಿ, ದ್ರಾಕ್ಷಾರಸ ತಾವೇ ಇಟ್ಟುಕೊಂಡು ಪಾಸ್ಟರರ ಜೊತೆ ಪರದೆಯ ಮೂಲಕ ಕರ್ತನ ಭೋಜನ (ಯೇಸುವಿನ ಕೊನೆಯ ಊಟವನ್ನು ನೆನೆಯುವ ವಿಧಿ) ನಡೆಸಿದರು. ಒಂದೇ ಸಾಧನ ಎರಡು ಕಡೆ ಎರಡು ರೀತಿ ಬಳಕೆಯಾದದ್ದಕ್ಕೆ ಕಾರಣ ದೇವತಾಶಾಸ್ತ್ರದಲ್ಲಿದೆ, ತಂತ್ರಜ್ಞಾನದಲ್ಲಿಲ್ಲ. ಉತ್ತರ ಬರೆಯುವಾಗ ಇದನ್ನು ಮರೆಯಬೇಡಿ.

ನನಗೆ ಅತ್ಯಂತ ಮುಖ್ಯವೆನಿಸುವುದು ಲಿಪಿಯ ವಿಷಯ. ಮಂಗಳೂರಿನಿಂದ ಮುಂಬೈಗೆ ಬಂದ ನಮ್ಮಂಥ ಕಥೋಲಿಕ ಮನೆಗಳಲ್ಲಿ ಕೊಂಕಣಿ ಪ್ರಾರ್ಥನೆಯನ್ನು ಓದುವುದು ಕನ್ನಡ ಲಿಪಿಯಲ್ಲಿ. 1938ರಿಂದ ಬರುತ್ತಿರುವ ‘ರಾಕ್ಣೊ’ ವಾರಪತ್ರಿಕೆಯ ಲಿಪಿಯೂ ಅದೇ. ಗೋವಾದ ಕ್ರೈಸ್ತರಿಗೆ ಕೊಂಕಣಿ ಎಂದರೆ ರೋಮನ್ ಅಕ್ಷರ. ಅಲ್ಲಿನ ‘ವಾವ್ರಾಡ್ಯಾಂಚೊ ಇಷ್ಟ್’ 1933ರಿಂದ ಹಾಗೆಯೇ ಅಚ್ಚಾಗುತ್ತಿದೆ. ಗೋವಾದ 1987ರ ರಾಜಭಾಷಾ ಕಾಯ್ದೆಯಾದರೋ ಕೊಂಕಣಿ ಎಂದರೆ ದೇವನಾಗರಿ ಲಿಪಿಯ ಕೊಂಕಣಿ ಎನ್ನುತ್ತದೆ. ಮುಂಬೈಯ ಒಂದೇ ಕಟ್ಟಡದಲ್ಲಿ ವಾಸಿಸುವ ಮಂಗಳೂರಿನ, ಗೋವಾದ ಎರಡು ಕೊಂಕಣಿ ಕುಟುಂಬಗಳಲ್ಲಿ ಒಬ್ಬರ ಪ್ರಾರ್ಥನಾ ಪುಸ್ತಕವನ್ನು ಇನ್ನೊಬ್ಬರು ಸಲೀಸಾಗಿ ಓದಲಾರರು. ಆದರೆ ವಾಟ್ಸ್ಆ್ಯಪ್‌ನಲ್ಲಿ ಬಂದ ಧ್ವನಿಮುದ್ರಿತ ಜಪಮಾಲೆಗೆ, ಯೂಟ್ಯೂಬಿನ ಒಂದು ಭಕ್ತಿಗೀತೆಗೆ ಈ ಗೋಡೆ ಇಲ್ಲ. ಕೆಲವು ಪದಗಳು, ಸ್ವರದ ಎಳೆತ ಬೇರೆಯಾದರೂ ಕಿವಿ ಹೊಂದಿಕೊಳ್ಳುತ್ತದೆ. ಅಚ್ಚಿನಿಂದ ಬೇರೆಯಾದವರನ್ನು ದನಿ ಹತ್ತಿರ ತಂದಿದೆ. ಅಂತರ್ಜಾಲ ನಮ್ಮ ಸಮುದಾಯಕ್ಕೆ ಮಾಡಿದ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ.

ಕಾನೂನನ್ನು ಚಿಕ್ಕದಾಗಿ ನೆನಪಿಡಿ: ಸಂವಿಧಾನದ 25ನೆಯ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ; ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಇಗರ್ಜಿಯೊಳಗೆ ತಮ್ಮವರಿಗೆಂದು ಆಡಿದ ಪ್ರವಚನ ವಿಡಿಯೋ ಆದ ಕೂಡಲೇ ಊರಿಗೆಲ್ಲ ಆಡಿದ ಮಾತಾಗುತ್ತದೆ ಎಂಬುದನ್ನೂ ಇದರ ಜೊತೆ ಓದಿಕೊಳ್ಳಬೇಕು.

ಕೊನೆಯದಾಗಿ, ಯಾವುದು ಹೊರಗೆ ಬರಬೇಕು, ಯಾವುದು ಬೇಡ ಎಂಬ ಪ್ರಶ್ನೆ. ನನ್ನ ಪರಿಚಯದ ಅಕ್ಕ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದಾಗ, ಪ್ರಾರ್ಥನಾ ಗುಂಪಿನಲ್ಲಿ ಯಾರೋ ಹೆಸರು, ಆಸ್ಪತ್ರೆ, ವಾರ್ಡ್ ಎಲ್ಲವನ್ನೂ ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದರು. ಸಂಜೆಯೊಳಗೆ ಅದು ದುಬೈವರೆಗೆ ಹೋಗಿ, ಅಮ್ಮನ ಕಾಯಿಲೆಯ ಸುದ್ದಿ ಅಲ್ಲಿದ್ದ ಮಗನಿಗೆ ಮನೆಯವರು ಹೇಳುವ ಮೊದಲೇ ಗುಂಪಿನಿಂದ ಸಿಕ್ಕಿತು. ಅಕ್ಕ ಬಹಳ ನೊಂದರು. ಈಗ ಆ ಗುಂಪಿನಲ್ಲಿ ‘ಒಬ್ಬ ಸಹೋದರಿಗಾಗಿ ಪ್ರಾರ್ಥಿಸಿ’ ಎಂದಷ್ಟೇ ಬರುತ್ತದೆ, ಉಳಿದದ್ದನ್ನು ಫೋನಿನಲ್ಲಿ ಕೇಳಿ ತಿಳಿದುಕೊಳ್ಳುತ್ತಾರೆ.