ಬ್ರಿಟನ್ ಒಕ್ಕೂಟ ಬಿಟ್ಟಾಗ ಐರ್ಲೆಂಡ್ ತಯಾರಾದ ಬಗೆ

2016ರ ಜೂನ್ 23ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಲು ಮತ ಹಾಕಿತು. ಈ ಬಿಡುಗಡೆಗೇ ಬ್ರೆಕ್ಸಿಟ್ ಎಂದು ಹೆಸರು. ಮರುದಿನ ಫಲಿತಾಂಶ ಬಂತು. ಅದೇ ದಿನ ಐರ್ಲೆಂಡ್ ಸರ್ಕಾರ ತನ್ನ ಮುಂಜಾಗ್ರತಾ ಯೋಜನೆಯನ್ನು ಪ್ರಕಟಿಸಿತು. ಪಕ್ಕದ ದೇಶಕ್ಕೆ ಇಷ್ಟು ಅವಸರ ಯಾಕೆ?

ಬ್ರಿಟನ್ನಿನಿಂದ ಸ್ವತಂತ್ರವಾದ ಮೇಲೂ ಐರ್ಲೆಂಡಿನ ದನ, ಬೆಣ್ಣೆ ಕೊಳ್ಳುತ್ತಿದ್ದವರು ಬ್ರಿಟಿಷರೇ. 1932ರಲ್ಲಿ ಐರ್ಲೆಂಡಿನ ಡಿ ವಲೇರಾ ಸರ್ಕಾರ ಜಮೀನಿನ ಹಳೇ ಸಾಲದ ಕಂತನ್ನು ಬ್ರಿಟನ್ನಿಗೆ ಕೊಡುವುದಿಲ್ಲ ಎಂದಿತು. ಬ್ರಿಟನ್ ಐರಿಷ್ ದನಗಳ ಮೇಲೆ ಸುಂಕ ಹೇರಿತು. ಮಾರಾಟವಾಗದ ಕರುಗಳನ್ನು ಕೊಲ್ಲಲು ಐರಿಷ್ ಸರ್ಕಾರವೇ ರೈತರಿಗೆ ದುಡ್ಡು ಕೊಡಬೇಕಾಯಿತು. ಆ ಜಗಳ ಮುಗಿದದ್ದು 1938ರಲ್ಲಿ.

1961ರಲ್ಲಿ ಎರಡೂ ದೇಶಗಳು ಯುರೋಪಿನ ಕೂಟ (ಈಗಿನ ಒಕ್ಕೂಟದ ಹಿಂದಿನ ರೂಪ) ಸೇರಲು ಅರ್ಜಿ ಹಾಕಿದವು. 1963ರಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಬ್ರಿಟನ್ನಿಗೆ ಬೇಡ ಅಂದಾಗ ಐರ್ಲೆಂಡಿನ ಅರ್ಜಿಯೂ ಮೂಲೆಗೆ ಬಿತ್ತು. ದೊಡ್ಡ ಗಿರಾಕಿಯನ್ನು ಬಿಟ್ಟು ಒಬ್ಬರೇ ಒಳಗೆ ಹೋಗುವುದಾದರೂ ಹೇಗೆ, ಅಲ್ವಾ? ಕೊನೆಗೆ 1973ರಲ್ಲಿ ಇಬ್ಬರೂ ಒಟ್ಟಿಗೇ ಸೇರಿದರು. ಆಗ ಐರ್ಲೆಂಡಿನ ರಫ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ರಿಟನ್ನಿಗೇ ಹೋಗುತ್ತಿತ್ತು.

2016ರ ಹೊತ್ತಿಗೆ ಈ ಪಾಲು ತುಂಬಾ ಇಳಿದಿತ್ತು. ಆದರೆ ಅದನ್ನು ಇಳಿಸಿದ್ದು ಮುಖ್ಯವಾಗಿ ಅಮೆರಿಕದ ಔಷಧಿ ಮತ್ತು ಕಂಪ್ಯೂಟರ್ ಕಂಪನಿಗಳ ರಫ್ತು. ಹಳ್ಳಿಯ ಕಥೆ ಬೇರೆ. ದನದ ಮಾಂಸದಲ್ಲಿ ಸುಮಾರು ಅರ್ಧ ಬ್ರಿಟನ್ನಿಗೇ ಹೋಗುತ್ತಿತ್ತು. ಚೆಡ್ಡಾರ್ ಚೀಸ್‌ಗೂ ಅದೇ ಮುಖ್ಯ ಮಾರುಕಟ್ಟೆ.

ಮೊದಲ ಏಟು ಬಿದ್ದದ್ದು ಅಣಬೆ ಬೆಳೆಗಾರರಿಗೆ. ಅವರ ಬಹುಪಾಲು ಬೆಳೆ ಬ್ರಿಟನ್ನಿನ ಸೂಪರ್ ಮಾರ್ಕೆಟ್‌ಗಳಿಗೆ ಹೋಗುತ್ತಿತ್ತು. ಬೆಲೆ ಮೊದಲೇ ಪೌಂಡಿನಲ್ಲಿ ನಿಗದಿ, ಕೂಲಿ ಕೊಡುವುದು ಯೂರೋದಲ್ಲಿ. ಮತದಾನದ ಬೆನ್ನಿಗೇ ಪೌಂಡ್ ಕುಸಿಯಿತು. ಲಾಭ ಮೊದಲೇ ಕಡಿಮೆ ಇದ್ದ ಕೆಲವು ಅಣಬೆ ಘಟಕಗಳು ಅದೇ ವರ್ಷ ಮುಚ್ಚಿದವು. ಬ್ರಿಟನ್ ಇನ್ನೂ ಒಕ್ಕೂಟದಲ್ಲೇ ಇತ್ತು! ಸಣ್ಣ ಉದ್ದಿಮೆಗಳಿಗೆಂದು 30 ಕೋಟಿ ಯೂರೋಗಳ ಬ್ರೆಕ್ಸಿಟ್ ಸಾಲ ಯೋಜನೆ ತೆರೆದದ್ದು 2018ರಲ್ಲಿ. ಈ ಬೆಳೆಗಾರರಿಗೆ ಅದು ತೀರಾ ತಡವಾಯಿತು ಎಂದೇ ನನ್ನ ಅನಿಸಿಕೆ.

ಉಳಿದ ತಯಾರಿ ಮಾತ್ರ ಗಟ್ಟಿಯಾಗಿತ್ತು. ಡಬ್ಲಿನ್ ಬಂದರಿನಲ್ಲಿ ತಪಾಸಣೆ ಕಟ್ಟೆಗಳು ಎದ್ದವು, ಹೊಸ ಕಸ್ಟಮ್ಸ್ ಸಿಬ್ಬಂದಿ ಬಂದರು. 2019ರ ಅಕ್ಟೋಬರಿನಲ್ಲಿ ಹಣಕಾಸು ಸಚಿವ ಪಾಸ್ಕಲ್ ಡೊನಹೂ ಬ್ರಿಟನ್ ಮತ್ತು ಒಕ್ಕೂಟದ ನಡುವೆ ಒಪ್ಪಂದವೇ ಆಗುವುದಿಲ್ಲ ಎಂದುಕೊಂಡು ಬಜೆಟ್ ಮಾಡಿದರು. ಬ್ರೆಕ್ಸಿಟ್‌ಗೆಂದೇ 120 ಕೋಟಿ ಯೂರೋ ಎತ್ತಿಟ್ಟರು. ಕಾರ್ಕ್ ಕೌಂಟಿಯ ಮೋಗೀಲಿಯಲ್ಲಿ ಚೆಡ್ಡಾರ್ ಬದಲು ನಾರ್ವೆಯ ಯಾರ್ಲ್ಸ್‌ಬರ್ಗ್ ಚೀಸ್ ಮಾಡುವ ಘಟಕ ಶುರುವಾಯಿತು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಗಡಿಯಲ್ಲಿ ಚೆಕ್‌ಪೋಸ್ಟ್ ಬೇಡ ಎಂಬ ಹಟವನ್ನೂ ಸರ್ಕಾರ ಬಿಡಲಿಲ್ಲ. ಅಲ್ಲಿನ ಹಿಂಸಾಚಾರ ಕೊನೆಗಾಣಿಸಲು ಮಾಡಿಕೊಂಡ 1998ರ ಶಾಂತಿ ಒಪ್ಪಂದದ ಬೆಲೆ ಅಲ್ಲಿನವರಿಗೆ ಗೊತ್ತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು ಸಮುದ್ರದಲ್ಲಿ. ವರ್ಷಕ್ಕೆ ಸುಮಾರು 1,50,000 ಲಾರಿಗಳು ಬ್ರಿಟನ್ನಿನ ರಸ್ತೆಗಳನ್ನು ದಾಟಿ ಯುರೋಪಿಗೆ ಹೋಗಿಬರುತ್ತಿದ್ದವು. ದೂರ ಕಡಿಮೆ, ಸಮಯವೂ ಉಳಿಯುತ್ತಿತ್ತು. ಬ್ರೆಕ್ಸಿಟ್ ಆದ ಮೇಲೆ ಆ ದಾರಿಯಲ್ಲಿ ತಪಾಸಣೆ, ಕಾಗದಪತ್ರ. 2021ರ ಜನವರಿ 2ರಂದು ಐರ್ಲೆಂಡಿನ ರೋಸ್‌ಲೇರ್ ಬಂದರಿನಿಂದ ಫ್ರಾನ್ಸಿನ ಡಂಕರ್ಕ್‌ಗೆ ನೇರ ಹಡಗು ಹೊರಟಿತು. ಫ್ರಾನ್ಸಿಗೆ ಹೋಗುವ ಹಡಗುಗಳು ಬೇಗಬೇಗ ಹೆಚ್ಚಾದವು. ಬ್ರಿಟನ್ನಿನ ಹಾಲಿಹೆಡ್ ಬಂದರಿನ ದಾರಿಯಲ್ಲಿ ಲಾರಿಗಳು ಕಡಿಮೆಯಾದವು.

2020ರ ಡಿಸೆಂಬರ್ 24ರಂದು ಬ್ರಿಟನ್ ಮತ್ತು ಒಕ್ಕೂಟ ಮಾಡಿಕೊಂಡ ವ್ಯಾಪಾರ ಒಪ್ಪಂದದಿಂದ ಸುಂಕದ ಭಯ ತಪ್ಪಿತು. ಕಾಗದಪತ್ರದ ಕಾಟ ಉಳಿಯಿತು. ಐರಿಷ್ ದನದ ಮಾಂಸಕ್ಕೆ ಈಗಲೂ ಬ್ರಿಟನ್ನೇ ದೊಡ್ಡ ಗಿರಾಕಿ. ಅಲ್ಲಿಗೆ ಹೋಗುವ ಮಾಂಸಕ್ಕೆ ಆರೋಗ್ಯ ಪ್ರಮಾಣಪತ್ರ ಬೇಕೆಂಬ ನಿಯಮವನ್ನು ಬ್ರಿಟನ್ ಮುಂದೂಡುತ್ತಾ ಬಂದು, 2024ರ ಜನವರಿ 31ರಂದು ಜಾರಿಗೆ ತಂದಿತು.