ದುಡ್ಡು ವಾಪಸ್ ಕೊಡೋಣ, ಅಮೆರಿಕದ ಟ್ಯಾಕ್ಸನ್ನೂ ನಾನೇ ಕೊಡಬೇಕಾ?

ಪ್ರಶ್ನೆ: ಪೊನ್ನಂಪೇಟೆಯ ಮನೆಯಿಂದಲೇ ಕುಪ್ಯ (ಕೊಡವ ಗಂಡಸರ ಉದ್ದ ಕೋಟು), ಚೇಲೆ (ಅದರ ಮೇಲೆ ಸೊಂಟಕ್ಕೆ ಕಟ್ಟುವ ರೇಷ್ಮೆ ಪಟ್ಟಿ) ಮತ್ತು ನಮ್ಮ ತೋಟದ ಕಾಫಿ ಪುಡಿಯನ್ನು ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುತ್ತೇನೆ. ಪುತ್ತರಿ ಹಬ್ಬಕ್ಕೆ ಮೊದಲು ಟೆಕ್ಸಾಸ್‌ನಲ್ಲಿರುವ ನಮ್ಮವರೊಬ್ಬರು 60 ಡಾಲರಿನ ಚೇಲೆ, 30 ಡಾಲರಿನ ಕಾಫಿ ತರಿಸಿಕೊಂಡರು. ಚೇಲೆಯ ಕೆಂಪು ಫೋಟೊದಲ್ಲಿ ಇದ್ದ ಹಾಗಿಲ್ಲ ಅಂತ ಈಗ ಅದರ ದುಡ್ಡು ವಾಪಸ್ ಕೇಳುತ್ತಿದ್ದಾರೆ. ಅವರ ಬಿಲ್ಲಿನಲ್ಲಿ 94.95 ಡಾಲರ್ ಇದೆ, ನನ್ನ ಲೆಕ್ಕದಲ್ಲಿ ಇರುವುದು 90. ಉಳಿದ 4.95 ಸೇಲ್ಸ್ ಟ್ಯಾಕ್ಸ್ ಅಂತೆ. ನನ್ನ ಕೈಗೇ ಬರದ ದುಡ್ಡನ್ನು ನಾನು ಕೊಡಬೇಕಾ? ಜಿಎಸ್‌ಟಿಯಲ್ಲಿ ಇದನ್ನು ಹೇಗೆ ತೋರಿಸಲಿ?

ಉತ್ತರ: ನೀವು ಕೊಡಬೇಕಾಗಿಲ್ಲ. ಆದರೆ ಅವರಿಗೆ ಅದು ಸಿಗಲೇಬೇಕು. ದುಡ್ಡು ಯಾರ ಜೇಬಿಗೆ ಹೋಗಿತ್ತೋ ಅದೇ ಜೇಬಿನಿಂದ ಹೊರಗೆ ಬರಬೇಕು, ಅಷ್ಟೇ. ಚೇಲೆಯ 60 ಡಾಲರ್ ನಿಮ್ಮ ಜೇಬಿಗೆ ಬಂತು. 4.95 ಮಾರುಕಟ್ಟೆ ಕಂಪನಿಯ ಮೂಲಕ ಟೆಕ್ಸಾಸ್ ಸರ್ಕಾರಕ್ಕೆ ಹೋಗುವ ದುಡ್ಡು. ಪಾರ್ಸೆಲ್‌ಗೆ ಆಮದು ಸುಂಕ ಬಿದ್ದಿದ್ದರೆ ಅದು ಮೂರನೆಯ ಜೇಬು. ಈ ಮೂರನ್ನೂ ಒಂದೇ ಗಂಟಾಗಿ ನೋಡಿದಾಗಲೇ ತಲೆ ಕೆಡುವುದು.

ಮೊದಲು ಆ 4.95ರ ಹುಟ್ಟು ಎಲ್ಲಿ ಅಂತ ನೋಡೋಣ. ಅಮೆರಿಕದಲ್ಲಿ ನಮ್ಮ ಜಿಎಸ್‌ಟಿಯ ಹಾಗೆ ದೇಶಕ್ಕೆಲ್ಲ ಒಂದು ತೆರಿಗೆ ಇಲ್ಲ. ಸೇಲ್ಸ್ ಟ್ಯಾಕ್ಸ್ ಆಯಾ ರಾಜ್ಯದ್ದು. ಟೆಕ್ಸಾಸ್‌ನಲ್ಲಿ ರಾಜ್ಯದ ಪಾಲು ಶೇ 6.25, ಊರು ಕೌಂಟಿಗಳ ಪಾಲು ಹೆಚ್ಚೆಂದರೆ ಶೇ 2. ಒಟ್ಟು 8.25. ಅರವತ್ತಕ್ಕೆ ಲೆಕ್ಕ ಹಾಕಿ, ಸರಿಯಾಗಿ 4.95 ಬರುತ್ತದೆ. ಅಂದರೆ ತೆರಿಗೆ ಬಿದ್ದಿರುವುದು ಚೇಲೆಗೆ ಮಾತ್ರ. ಕಾಫಿ ಪುಡಿ ಅಲ್ಲಿ ದಿನಸಿ, ಅದಕ್ಕೆ ಟ್ಯಾಕ್ಸ್ ಇಲ್ಲ. ಹಾಗಾಗಿ ಚೇಲೆಯ ಪೂರ್ತಿ ದುಡ್ಡು ವಾಪಸಾದರೆ ಅವರಿಗೆ 64.95 ಸಿಗಬೇಕು. ಮಾತುಕತೆಯಲ್ಲಿ ಅರ್ಧಕ್ಕೆ ಒಪ್ಪಿ 30 ಡಾಲರ್ ಮರಳಿಸುವುದಾದರೆ ತೆರಿಗೆಯೂ ಅರ್ಧ, 2.48.

2018ರ ಜೂನ್ 21ರಂದು ವೇಫೇರ್ ಎಂಬ ಆನ್‌ಲೈನ್ ಅಂಗಡಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಅದಕ್ಕೆ ಮೊದಲು ರಾಜ್ಯದೊಳಗೆ ಅಂಗಡಿಯೋ ಗೋದಾಮೋ ಇರುವ ವ್ಯಾಪಾರಿಯ ಕೈಯಲ್ಲಿ ಮಾತ್ರ ಸೇಲ್ಸ್ ಟ್ಯಾಕ್ಸ್ ವಸೂಲು ಮಾಡಿಸಬಹುದಿತ್ತು. ಆ ತೀರ್ಪಿನ ನಂತರ ದೂರದಲ್ಲಿ ಕುಳಿತು ಮಾರುವವರಿಗೂ ಹೊಣೆ ಬಂತು. ಅದರ ಹಿಂದೆಯೇ ರಾಜ್ಯಗಳು, ಮಾರುಕಟ್ಟೆ ನಡೆಸುವ ಕಂಪನಿಯೇ ತೆರಿಗೆ ಹಿಡಿದು ಕಟ್ಟಬೇಕು ಅಂತ ಕಾನೂನು ಮಾಡಿದವು. ನಿಮ್ಮ ಪುಣ್ಯ, ಆ ತಲೆನೋವು ನಿಮ್ಮ ಪಾಲಿಗಿಲ್ಲ.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟೆ. ಆ ಆರ್ಡರಿನ ಪುಟಕ್ಕೇ ಹೋಗಿ, ಅಲ್ಲಿರುವ ರೀಫಂಡ್ ಗುಂಡಿಯನ್ನೇ ಒತ್ತಿ. 60 ನಿಮ್ಮ ಖಾತೆಯಿಂದ ಕಳೆಯುತ್ತದೆ, 4.95ನ್ನು ಮಾರುಕಟ್ಟೆ ತನ್ನ ಲೆಕ್ಕದಿಂದ ಮರಳಿಸುತ್ತದೆ. "ನಮ್ಮವರೇ ತಾನೇ, ನೇರವಾಗಿ ಕಳಿಸಿಬಿಡೋಣ" ಅಂತ ಮಾತ್ರ ಹೋಗಬೇಡಿ.

ನಾನು ಹೋಗಿದ್ದೆ. ನಾಪೋಕ್ಲುವಿನಲ್ಲಿ ಜುಲೈ ತಿಂಗಳು, ಮೂರು ದಿನದಿಂದ ಕರೆಂಟಿಲ್ಲ. ಇಲ್ಲಿಂದ ಹೋದ ಬಿದಿರಿನ ಬುಟ್ಟಿಗಳು ಬೂಷ್ಟು ಹಿಡಿದು ತಲುಪಿದ್ದವು. ಬುಟ್ಟಿಯ ತಳದಲ್ಲಿ ಹಸಿರು ಮಚ್ಚೆ ಎದ್ದ ಫೋಟೊ ನೋಡಿ ನಾಚಿಕೆಯಾಗಿ, ಬಿಲ್ಲಿನ ಮೊತ್ತ ಪೂರ್ತಿ, ಟ್ಯಾಕ್ಸ್ ಸಮೇತ, ನನ್ನ ಬೇರೆ ಖಾತೆಯಿಂದ ಕಳಿಸಿದೆ. ಮಾರುಕಟ್ಟೆಯ ದಾಖಲೆಯಲ್ಲಿ ಮಾತ್ರ ಆ ಮಾರಾಟ ಗಟ್ಟಿಯಾಗಿ ನಿಂತಿತ್ತು. ಅವರು ಹಿಡಿದ ತೆರಿಗೆ ಅಲ್ಲಿನ ಸರ್ಕಾರಕ್ಕೆ ಹೋಯಿತು, ಕಮಿಷನ್ ಅವರಲ್ಲೇ ಉಳಿಯಿತು, ನಾನು ಎರಡನ್ನೂ ಕೈಯಿಂದ ಕಟ್ಟಿದ ಹಾಗಾಯಿತು. ಕೇಳಿದರೆ "ನಮ್ಮ ದಾಖಲೆಯಲ್ಲಿ ರೀಫಂಡ್ ಆಗಿಲ್ಲ" ಅನ್ನುವ ಒಂದೇ ಉತ್ತರ. ಅವರು ಹೇಳಿದ್ದೂ ಸುಳ್ಳಲ್ಲ, ಅದೇ ಹೊಟ್ಟೆ ಉರಿಸಿದ್ದು.

ಡಾಲರಿನ ಏರಿಳಿತವೂ ಸ್ವಲ್ಪ ಕಚ್ಚುತ್ತದೆ. ಆರ್ಡರ್ ಬಂದಾಗ ಡಾಲರಿಗೆ 88 ರೂಪಾಯಿ, ಮರಳಿಸುವಾಗ 90 ಅಂದುಕೊಳ್ಳಿ: ಬಂದದ್ದು 5,280, ಹೋದದ್ದು 5,400. ಆ 120 ರೂಪಾಯಿ ನಿಮ್ಮ ನಷ್ಟ. ಪೇಮೆಂಟ್ ಶುಲ್ಕವನ್ನು ರೀಫಂಡ್ ಮಾಡಿದಾಗ ಎಲ್ಲರೂ ವಾಪಸ್ ಕೊಡುವುದಿಲ್ಲ, ಪೇಪಾಲ್ ಕೊಡುವುದಿಲ್ಲ. ಬೆಲೆ ಇಡುವಾಗಲೇ ಇದಕ್ಕೊಂದು ಸಣ್ಣ ಪಾಲು ಸೇರಿಸಿ.

ಇನ್ನು ಜಿಎಸ್‌ಟಿ. ರಫ್ತಿಗೆ ನಮ್ಮಲ್ಲಿ ಶೂನ್ಯ ದರ. ನೀವು ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಟ್ಟು, ಅಂದರೆ ಆರ್‌ಎಫ್‌ಡಿ-11 ನಮೂನೆ ಸಲ್ಲಿಸಿ, ತೆರಿಗೆ ಕಟ್ಟದೆ ಕಳಿಸುತ್ತೀರಿ ಅಂತ ಭಾವಿಸುತ್ತೇನೆ. ಅದು ಒಂದು ಆರ್ಥಿಕ ವರ್ಷಕ್ಕೆ ಮಾತ್ರ. ಪ್ರತಿ ವರ್ಷ ಹೊಸದಾಗಿ ಕೊಡಬೇಕು. ಏಪ್ರಿಲ್‌ನಲ್ಲಿ ಹೂಮಳೆಗೆ ಕಾಯುವ ಗಡಿಬಿಡಿಯಲ್ಲಿ ಮರೆಯುವವರು ನಮ್ಮಲ್ಲಿ ಬಹಳ ಮಂದಿ. ನಿಮ್ಮ ಇನ್‌ವಾಯ್ಸ್ 90 ಡಾಲರಿಗೆ ಇರಬೇಕು, 94.95ಕ್ಕಲ್ಲ. ಟೆಕ್ಸಾಸ್‌ನ ತೆರಿಗೆ ನಿಮ್ಮ ವಹಿವಾಟೇ ಅಲ್ಲ. ಈಗ 60 ಡಾಲರಿಗೆ ಒಂದು ಕ್ರೆಡಿಟ್ ನೋಟ್, ಅಂದರೆ ಇನ್‌ವಾಯ್ಸ್‌ನ ಮೊತ್ತ ಇಳಿಸುವ ಚೀಟಿ ಮಾಡಿ, ಮೂಲ ಇನ್‌ವಾಯ್ಸ್‌ನ ನಂಬರ್ ಬರೆದು, ಆ ತಿಂಗಳ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಿ. ರೂಪಾಯಿಗೆ ಇಳಿಸುವಾಗ ನಾನು ಹಳೆಯ ಇನ್‌ವಾಯ್ಸ್‌ನ ದರವನ್ನೇ ಹಾಕುತ್ತೇನೆ. ಮೇಲಿನ 120 ರೂಪಾಯಿ ಪುಸ್ತಕದಲ್ಲಿ ಬೇರೆ ಖರ್ಚಾಗಿ ಹೋಗುತ್ತದೆ. ಚೇಲೆ ವಾಪಸ್ ಬಂದಿರಲೇಬೇಕು ಅಂತಿಲ್ಲ, ಸರಕಿನಲ್ಲಿ ಕೊರತೆ ಕಂಡರೂ ಕ್ರೆಡಿಟ್ ನೋಟ್ ಕೊಡಲು ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಬಿಡುತ್ತದೆ. ಗ್ರಾಹಕರು ಬಣ್ಣದ ಬಗ್ಗೆ ಬರೆದ ಮೆಸೇಜನ್ನು ಅದರ ಜೊತೆಗೇ ಪ್ರಿಂಟ್ ತೆಗೆದು ಇಡಿ. ಕೊನೆಯ ಗಡುವು, ಮಾರಾಟವಾದ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30.

ಎಲ್‌ಯುಟಿ ಇಲ್ಲದೆ ಐಜಿಎಸ್‌ಟಿ (ರಫ್ತಿಗೂ ಅನ್ವಯಿಸುವ ಕೇಂದ್ರದ ಜಿಎಸ್‌ಟಿ) ಕಟ್ಟಿ, ಆಮೇಲೆ ಸರ್ಕಾರದಿಂದ ವಾಪಸ್ ಪಡೆಯುವ ದಾರಿಯಲ್ಲಿದ್ದರೆ ಹುಷಾರು. ರಫ್ತಿನ ದುಡ್ಡು ಕೈಗೆ ಬರದಿದ್ದರೆ ಹಾಗೆ ಪಡೆದ ತೆರಿಗೆಯನ್ನು ಬಡ್ಡಿ ಸಮೇತ ಮರಳಿ ಕಟ್ಟಬೇಕಾಗುತ್ತದೆ. ಸಣ್ಣ ವ್ಯಾಪಾರಕ್ಕೆ ಎಲ್‌ಯುಟಿಯೇ ಲೇಸು. ಬ್ಯಾಂಕಿನಲ್ಲೂ ಆ ಬಿಲ್ಲಿಗೆ 60 ಡಾಲರ್ ಕಡಿಮೆ ಬಂದದ್ದನ್ನು ಹೇಳಬೇಕು, ಆದರೆ ಅದು ಮೊದಲಿನಷ್ಟು ಕಷ್ಟವಲ್ಲ: 10 ಲಕ್ಷ ರೂಪಾಯಿವರೆಗಿನ ಬಿಲ್‌ಗಳನ್ನು ರಫ್ತುದಾರರ ಸ್ವಂತ ಘೋಷಣೆಯ ಮೇಲೆ ಮುಚ್ಚಲು 2025ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ.

ಮೂರನೆಯ ಜೇಬು ಸುಂಕದ್ದು. 800 ಡಾಲರಿನವರೆಗಿನ ಪಾರ್ಸೆಲ್‌ಗೆ ಅಮೆರಿಕ ಕೊಡುತ್ತಿದ್ದ ಸುಂಕದ ರಿಯಾಯಿತಿ 2025ರ ಆಗಸ್ಟ್ 29ಕ್ಕೆ ನಿಂತುಹೋಯಿತು. ಅಂಚೆಯಲ್ಲಿ ಕಳಿಸಿದರೆ ಆ ಸುಂಕವನ್ನು ಬುಕಿಂಗ್ ಮಾಡುವಾಗ ಇಲ್ಲೇ ವಸೂಲು ಮಾಡುತ್ತಾರೆ. ಅದನ್ನು ನೀವೇ ಕಟ್ಟಿದ್ದರೆ, ಚೇಲೆ ಬೇಡ ಅಂದ ಮಾತ್ರಕ್ಕೆ ಅದು ವಾಪಸ್ ಬರುವುದಿಲ್ಲ. ಹೋಯಿತು ಅಂತಲೇ ಲೆಕ್ಕ ಹಾಕಿ. ಗ್ರಾಹಕರು ಕೊರಿಯರ್‌ನವರಿಗೆ ಕಟ್ಟಿದ್ದರೆ ಅದು ಅವರ ಮತ್ತು ಅಲ್ಲಿನ ಕಸ್ಟಮ್ಸ್ ನಡುವಿನ ವಿಷಯ.

ನಿಮ್ಮ ಸ್ವಂತ ವೆಬ್‌ಸೈಟ್ ಮಾಡುವ ಯೋಚನೆ ಇದ್ದರೆ ಮಾತ್ರ ಕತೆ ಬೇರೆ, ಅಲ್ಲಿ ಮಧ್ಯದ, ಅಂದರೆ ತೆರಿಗೆ ಹಿಡಿಯುವ ಜೇಬೂ ನಿಮ್ಮದೇ. ಟೆಕ್ಸಾಸ್‌ನಲ್ಲಿ ವರ್ಷಕ್ಕೆ 5 ಲಕ್ಷ ಡಾಲರ್ ದಾಟುವವರೆಗೆ ತೆರಿಗೆ ಹಿಡಿಯುವ ಹೊಣೆ ಇಲ್ಲ, ಹೆಚ್ಚಿನ ರಾಜ್ಯಗಳಲ್ಲಿ ಗಡಿ 1 ಲಕ್ಷ ಡಾಲರ್. ಕೊಡಗಿನ ಮನೆ ವ್ಯಾಪಾರ ಅಲ್ಲಿಗೆ ಮುಟ್ಟಿದರೆ ಫೋನ್ ಮಾಡಿ, ಪಂದಿಕರಿ ಊಟಕ್ಕೆ ಬರುತ್ತೇನೆ. ಬ್ರಿಟನ್ ಹಾಗಲ್ಲ. 2021ರ ಜನವರಿ 1ರಿಂದ ಅಲ್ಲಿ 135 ಪೌಂಡ್ ಒಳಗಿನ ಪಾರ್ಸೆಲ್‌ಗೆ ಮಾರುವಾಗಲೇ ವ್ಯಾಟ್ ಹಿಡಿಯಬೇಕು, ನೇರವಾಗಿ ಮಾರುವ ಹೊರದೇಶದವರಿಗೆ ಕನಿಷ್ಠ ವಹಿವಾಟಿನ ವಿನಾಯಿತಿಯೂ ಇಲ್ಲ. ಜರ್ಮನಿಯಂತೂ ಹುರಿದ ಕಾಫಿಗೆ ವ್ಯಾಟ್ ಅಲ್ಲದೆ ಕಿಲೋಗೆ 2.19 ಯೂರೊ ಕಾಫಿ ತೆರಿಗೆಯನ್ನೂ ಹಾಕುತ್ತದೆ. ನಮ್ಮ ರೊಬಸ್ಟಾವನ್ನು ಅಲ್ಲಿಗೆ ಕಿಲೋ ಲೆಕ್ಕದಲ್ಲಿ ಕಳಿಸುವವರು ಇದನ್ನು ಬೆಲೆಯಲ್ಲಿ ಸೇರಿಸದಿದ್ದರೆ ಲಾಭವೆಲ್ಲ ಅಲ್ಲೇ ಇಳಿದುಹೋಗುತ್ತದೆ.

ಚೇಲೆಯನ್ನು ವಾಪಸ್ ತರಿಸಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬೇಡ. ನಮ್ಮ ಗಡಿಯಲ್ಲಿ ಅದು ಆಮದು. ಮೂರು ವರ್ಷದೊಳಗೆ ಮರಳಿ ಬಂದ ರಫ್ತು ಸರಕಿಗೆ ಸುಂಕದ ವಿನಾಯಿತಿ ಇದೆ ನಿಜ, ಆದರೆ ಹೋದದ್ದೇ ಬಂದಿದೆ ಅಂತ ಕಾಗದ ತೋರಿಸಿ ಒಪ್ಪಿಸಬೇಕು. ಮೊದಲೇ "ಗಿಫ್ಟ್" ಅಂತ ಬರೆದು ಕಳಿಸಿದ್ದರೆ ಆ ಕಾಗದವೇ ಇರುವುದಿಲ್ಲ. ಕೊರಿಯರ್‌ನಲ್ಲಾದರೆ ಸಿಎಸ್‌ಬಿ-5, ಅಂಚೆಯಲ್ಲಾದರೆ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್, ಈ ಎರಡು ರಫ್ತು ದಾಖಲೆಗಳಲ್ಲಿ ಒಂದು ಕೈಯಲ್ಲಿರಲಿ. 60 ಡಾಲರಿನ ಚೇಲೆಗೆ ಅಲ್ಲಿಂದ ಬರುವ ಕೊರಿಯರ್ ಖರ್ಚೇ ಅದರ ಬೆಲೆಗೆ ಹತ್ತಿರ ಬಂದೀತು. ಅರ್ಧ ದುಡ್ಡು ಕೊಟ್ಟು ಚೇಲೆ ಅಲ್ಲೇ ಇಟ್ಟುಕೊಳ್ಳಿ ಅಂತ ಕೇಳಿ ನೋಡಿ. ಮುಂದಿನ ಮದುವೆಗೆ ಅವರೇ ಕಟ್ಟಿಕೊಳ್ಳಲಿ. ಒಪ್ಪದಿದ್ದರೆ ಪೂರ್ತಿ 60 ಮರಳಿಸಿ. ಕಾಫಿಯ 30 ಡಾಲರಿನ ಬಗ್ಗೆ ಅವರು ಏನೂ ಬರೆದಿಲ್ಲವಲ್ಲ, ಪುಡಿ ಆಗಲೇ ಖಾಲಿಯಾಗಿರಬೇಕು.