ಜೌಗಿನ ಮರಕ್ಕೆ ಕುಂಡದಲ್ಲೂ ನೀರು ನಿಲ್ಲಿಸಬೇಕೇ?

ಪ್ರಶ್ನೆ: ನಾನು ಹ್ಯೂಸ್ಟನ್ನಿನಲ್ಲಿ ನೆಲೆಸಿದ್ದೇನೆ. ಈ ಚಳಿಗಾಲದಲ್ಲಿ ಪರಿಚಯದವರ ಜಮೀನಿನಿಂದ ಒಂದು ಬಾಲ್ಡ್ ಸೈಪ್ರೆಸ್ ಕಿತ್ತು ತಂದು ಬೋನ್ಸಾಯ್ ಮಾಡಬೇಕೆಂದಿದ್ದೇನೆ. ನೀರಿನಲ್ಲಿ ಬೆಳೆಯುವ ಮರವಾದ್ದರಿಂದ ಕುಂಡವನ್ನು ಸದಾ ನೀರಿನ ತೊಟ್ಟಿಯಲ್ಲಿಯೇ ಇಡಬೇಕೆಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಬೇರು ಕೊಳೆಯುತ್ತದೆ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ಇಡಲೇಬೇಕೆಂಬ ನಿಯಮವಿಲ್ಲ. ಚೆನ್ನಾಗಿ ಬೇರೂರಿದ ಮರವನ್ನು ಇಟ್ಟರೆ ಕೊಳೆಯುವುದೂ ಇಲ್ಲ. ಆದರೆ ಆಗತಾನೇ ಕಿತ್ತು ತಂದ ಮರವನ್ನು ಮಾತ್ರ ದಯವಿಟ್ಟು ನೀರಿನಲ್ಲಿ ನಿಲ್ಲಿಸಬೇಡಿ.

ಟೆಕ್ಸಸ್ ಮತ್ತು ಲೂಸಿಯಾನಾ ಗಡಿಯ ಕ್ಯಾಡೋ ಸರೋವರದಲ್ಲಿ ದೋಣಿಯಲ್ಲಿ ಹೋದರೆ ಎರಡೂ ಕಡೆ ಬುಡ ಉಬ್ಬಿದ ಸೈಪ್ರೆಸ್ ಮರಗಳು, ಕೊಂಬೆಗಳಿಂದ ಜಡೆಯಂತೆ ಇಳಿಬಿದ್ದ ಬೂದು ಬಣ್ಣದ ಸ್ಪ್ಯಾನಿಷ್ ಮಾಸ್. ಎಷ್ಟೋ ಹೊತ್ತು ನೆಲವೇ ಕಾಣುವುದಿಲ್ಲ. ಈ ಮರ ನೀರಿನಲ್ಲೇ ಹುಟ್ಟಿತು ಎಂದು ಅಲ್ಲಿ ಯಾರಿಗಾದರೂ ಅನ್ನಿಸೀತು. ಆದರೆ ಇದರ ಬೀಜ ನೀರಿನಡಿಯಲ್ಲಿ ಮೊಳೆಯುವುದಿಲ್ಲ. ತೇಲಿಕೊಂಡು ಹೋಗುತ್ತದೆ, ತಿಂಗಳುಗಟ್ಟಲೆ ಜೀವ ಹಿಡಿದು ಕಾಯುತ್ತದೆ, ನೀರು ಇಳಿದು ಕೆಸರು ಹೊರಗೆ ಬಿದ್ದಾಗಲಷ್ಟೇ ಮೊಳಕೆ ಒಡೆಯುತ್ತದೆ. ಮುಂದಿನ ಪ್ರವಾಹ ಬರುವುದರೊಳಗೆ ಆ ಸಸಿ ನೀರಿನ ಮಟ್ಟ ಮೀರಿ ತಲೆ ಎತ್ತಿರಬೇಕು. ವಾರಗಟ್ಟಲೆ ಪೂರ್ತಿ ಮುಳುಗಿದರೆ ಸತ್ತುಹೋಗುತ್ತದೆ. ಇಂದು ಆಳುದ್ದ ನೀರಿನಲ್ಲಿ ನಿಂತಿರುವ ಒಂದೊಂದು ಮರವೂ ನೀರು ಬತ್ತಿದ ಯಾವುದೋ ಒಂದು ವರ್ಷದ ಕೂಸು.

ನೀರು ಬೇಕೇ ಬೇಕೆಂದು ಅದು ಅಲ್ಲಿ ನಿಂತಿಲ್ಲ. ಬೇರೆ ಮರಗಳು ಬೇರಿಗೆ ಗಾಳಿ ಸಿಗದೆ ಸಾಯುವ ಜಾಗದಲ್ಲಿ ಇದು ತಾಳಿಕೊಳ್ಳುತ್ತದೆ, ಹಾಗಾಗಿ ಪೈಪೋಟಿಯಿಲ್ಲದೆ ಬಾಳುತ್ತದೆ. ಎಷ್ಟು ಕಾಲ ಎಂದರೆ, ನಾರ್ತ್ ಕ್ಯಾರೊಲಿನಾದ ಬ್ಲ್ಯಾಕ್ ನದಿಯ ಜೌಗಿನಲ್ಲಿರುವ ಒಂದು ಮರದ ಉಂಗುರಗಳನ್ನು ಎಣಿಸಿದ ವಿಜ್ಞಾನಿಗಳು 2018ಕ್ಕೆ ಅದರ ವಯಸ್ಸು ಕನಿಷ್ಠ 2,624 ವರ್ಷ ಎಂದರು. ಅದೇ ಜಾತಿಯ ಮರ ನಿಮ್ಮ ಹ್ಯೂಸ್ಟನ್ನಿನ ರಸ್ತೆ ಬದಿಯಲ್ಲಿ, ಕಾರು ನಿಲ್ಲಿಸುವ ಜಾಗಗಳ ಅಂಚಿನಲ್ಲಿ, ಒಣ ನೆಲದಲ್ಲಿ ಹುಲುಸಾಗಿ ಬೆಳೆದಿರುವುದನ್ನು ನೀವೇ ನೋಡಿರುತ್ತೀರಿ. ತೇವವಿದ್ದು ನೀರು ಬಸಿದುಹೋಗುವ ಮಣ್ಣಿನಲ್ಲಿ ಅದು ನಿಂತ ನೀರಿಗಿಂತ ಬೇಗ ಬೆಳೆಯುತ್ತದೆ.

ಈಗ ಕೀಳುವ ವಿಷಯ. ಜಮೀನಿನ ಒಡೆಯರು ಪರಿಚಯದವರೇ ಆದರೂ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಗಿಡ ಕೀಳುವುದು ಅಪರಾಧ. ಬೇರೆ ಸರ್ಕಾರಿ ನೆಲವಾದರೆ ಅನುಮತಿ ಪತ್ರವಿಲ್ಲದೆ ಗುದ್ದಲಿ ಎತ್ತಬೇಡಿ. ಸಮಯ ಜನವರಿ, ಫೆಬ್ರುವರಿ. ಆಗ ಮರ ಎಲೆಯುದುರಿಸಿ ಬೋಳಾಗಿ ನಿದ್ರಿಸುತ್ತಿರುತ್ತದೆ. ಪೈನ್, ದೇವದಾರುಗಳ ಬಳಗದಲ್ಲಿದ್ದೂ ಚಳಿಗಾಲಕ್ಕೆ ಬೋಳಾಗುವುದರಿಂದಲೇ ಇದಕ್ಕೆ ಬಾಲ್ಡ್, ಅಂದರೆ ಬೋಳು, ಎಂಬ ಹೆಸರು.

ಆಯ್ಕೆ ಮಾಡುವಾಗ ಮೇಲೆ ನೋಡಬೇಡಿ, ಬುಡ ನೋಡಿ. ಕೈಯಿಂದ ಕೆಸರು ಸರಿಸಿ ತಡವಿದರೆ ಕಾಂಡ ಮಣ್ಣಿಗೆ ಇಳಿಯುವ ಕಡೆ ಏಣುಗಳು ಬೆರಳಿಗೆ ಸಿಗುತ್ತವೆ, ದೇವಸ್ಥಾನದ ಕಂಬದ ಪಟ್ಟಿಗಳಂತೆ. ಆ ಏಣು, ಆ ಉಬ್ಬು ಕುಂಡದಲ್ಲಿ ನಾವು ಬೆಳೆಸಲು ಹತ್ತಾರು ವರ್ಷ ಬೇಕು. ಪ್ರತಿ ವರ್ಷ ನೀರು ಏರಿ ಇಳಿಯುವ ಜಾಗದಲ್ಲಿ ಪ್ರಕೃತಿ ಅದನ್ನು ಮಾಡಿಟ್ಟಿರುತ್ತದೆ. ಕಿತ್ತು ತರುವುದಕ್ಕೆ ನನಗೆ ಒಪ್ಪಿತವಾದ ಕಾರಣ ಇದೊಂದೇ. ಬುಡ ನೇರ ಕೊಳವೆಯಂತಿದ್ದರೆ ಅದನ್ನು ಅಲ್ಲೇ ಬಿಟ್ಟು ನರ್ಸರಿಯ ಸಸಿ ಕೊಳ್ಳಿ.

ಬುಡ 10ರಿಂದ 15 ಸೆಂಟಿಮೀಟರ್ ದಪ್ಪವಿರುವ ಮರವನ್ನು 60ರಿಂದ 75 ಸೆಂಟಿಮೀಟರ್ ಎತ್ತರಕ್ಕೆ ಅಡ್ಡ ಕತ್ತರಿಸುತ್ತೇನೆ. ಬ್ಯಾಟರಿ ಗರಗಸದಿಂದ ಬುಡದ ಸುತ್ತ ಬೇರು ಕೊಯ್ದು, ಮರವನ್ನು ಅಲುಗಾಡಿಸಿ ಅಡಿಯ ಬೇರನ್ನೂ ಕೊಯ್ಯುತ್ತೇನೆ. ಮನೆಗೆ ತಂದು ಮಣ್ಣನ್ನೆಲ್ಲ ತೊಳೆದು ಅಡಿಯನ್ನು ಮಣೆಯಂತೆ ಸಮ ಮಾಡುತ್ತೇನೆ. ಕೈಯಲ್ಲಿ ಉಳಿಯುವುದು ಕೊಂಬೆಯಿಲ್ಲದ, ಎಲೆಯಿಲ್ಲದ, ನಾರುಬೇರು ಹೆಚ್ಚೂಕಡಿಮೆ ಇಲ್ಲವೇ ಇಲ್ಲದ ಒಂದು ಕೊರಡು. ಬೇರೆ ಮರಗಳಿಗೆ ಹೀಗೆ ಮಾಡಿದರೆ ಅದು ಕೊಲೆ. ಈ ಮರ ಮಾರ್ಚ್ ಮುಗಿಯುವ ಹೊತ್ತಿಗೆ ಕಂದು ತೊಗಟೆಯನ್ನು ಸೀಳಿಕೊಂಡು ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆಗಳನ್ನು ಹೊರಗೆ ಹಾಕುತ್ತದೆ. ಒಂದು ವಾರದಲ್ಲಿ ಅವು ಗರಿಯಾಗುತ್ತವೆ. ನಾನು ಹಲವು ವಸಂತಗಳಲ್ಲಿ ನೋಡಿದ್ದೇನೆ. ಆದರೂ ಪ್ರತಿ ಸಲ ಬೆಳಗ್ಗೆ ಎದ್ದ ಕೂಡಲೇ ಹೋಗಿ ಆ ಚುಕ್ಕೆಗಳನ್ನು ಹುಡುಕುತ್ತೇನೆ.

ನನ್ನ ಮೊದಲ ಮರಕ್ಕೆ ಆ ಗರಿಗಳು ಬಂದವು, ನಿಲ್ಲಲಿಲ್ಲ. ಜೌಗಿನಿಂದ ಬಂದದ್ದಲ್ಲವೇ ಎಂದು ತಂದ ದಿನವೇ ಅದನ್ನು ತೊಟ್ಟಿಯಲ್ಲಿ ಇಳಿಸಿದ್ದೆ. ಮೇ ತಿಂಗಳಲ್ಲಿ ಎಲೆಗಳು ಬೆಳ್ಳಗಾಗಿ ಅಲ್ಲಿಗೇ ನಿಂತವು, ಜುಲೈನಲ್ಲಿ ಒಣಗಿದವು. ಕುಂಡ ಮಗುಚಿ ನೋಡಿದರೆ ಗರಗಸದ ಗಾಯಗಳು ಮೆತ್ತಗಾಗಿದ್ದವು, ಹೊಸ ಬೇರು ಒಂದೂ ಇರಲಿಲ್ಲ. ಕಾಂಡ ಕೂಡಿಟ್ಟುಕೊಂಡ ಶಕ್ತಿಯಿಂದ ಚಿಗುರು ಹೊರಟಿತ್ತು, ಅದನ್ನು ಪೋಷಿಸಲು ಕೆಳಗೆ ಯಾರೂ ಇರಲಿಲ್ಲ. ನೀರನ್ನು ತಾಳಿಕೊಳ್ಳುವುದು ಬೇರಿನ ಸಾಮರ್ಥ್ಯ. ನೀರಿನಲ್ಲಿ ಬಹಳ ಕಾಲ ಇದ್ದಾಗ ಬೇರಿನೊಳಗೆ ಗಾಳಿ ಸಾಗುವ ಟೊಳ್ಳು ಅಂಗಾಂಶ ಬೆಳೆಯುತ್ತದೆ, ಬುಡದ ತೊಗಟೆಯ ಉಸಿರುರಂಧ್ರಗಳು ಅಕ್ಕಿ ಕಾಳಿನಂತೆ ಉಬ್ಬುತ್ತವೆ. ಬೇರನ್ನೇ ಕತ್ತರಿಸಿ ತಂದ ಮರಕ್ಕೆ ಇದನ್ನೆಲ್ಲ ಮಾಡಿಕೊಳ್ಳಲು ಏನು ಉಳಿದಿದೆ?

ಆದ್ದರಿಂದ ಮೊದಲು ಪ್ಯೂಮಿಸ್ (ತೂತುತೂತಾದ ಹಗುರ ಕಲ್ಲು), ಲಾವಾ ಕಲ್ಲು, ಪೈನ್ ತೊಗಟೆಯ ಚೂರು ಬೆರೆಸಿದ, ನೀರು ಸರಾಗವಾಗಿ ಬಸಿಯುವ ಮಿಶ್ರಣದಲ್ಲಿ ನೆಡಿ. ಮರ ಅಲುಗದಂತೆ ತಂತಿಯಿಂದ ಕುಂಡಕ್ಕೆ ಬಿಗಿಯಿರಿ. ಮೇಲಿನ ಕೊಯ್ತಕ್ಕೆ ಗಾಯದ ಲೇಪ ಹಚ್ಚಿ, ಮಿಶ್ರಣ ಒಣಗಲು ಬಿಡಬೇಡಿ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ನಲ್ಲಿ ನೀರು ಕ್ಷಾರೀಯವಾಗಿದೆಯೇ ನೋಡಿ, ಮಳೆನೀರು ಹಿಡಿದಿಟ್ಟು ಹಾಕಿ. ಈ ಮರಕ್ಕೆ ತುಸು ಹುಳಿ ಮಣ್ಣೇ ಇಷ್ಟ. ಚಿಗುರು ಗೊಂಚಲು ಗೊಂಚಲಾಗಿ ಬರುತ್ತದೆ; ಮೊದಲ ವರ್ಷ ಒಂದನ್ನೂ ಚಿವುಟಬೇಡಿ, ಅಷ್ಟೂ ಎಲೆ ಬೇರಿಗಾಗಿ ದುಡಿಯಲಿ.

ಆಕಾರದ ಯೋಚನೆ ಆಮೇಲೆ. ಎಳೆಯ ಸೈಪ್ರೆಸ್ ಗೋಪುರದಂತೆ ಚೂಪಾಗಿರುತ್ತದೆ, ಮುದಿ ಮರದ ನೆತ್ತಿ ಚಪ್ಪಟೆಯಾಗಿ ಕೊಡೆಯಂತೆ ಹರಡುತ್ತದೆ. ನ್ಯೂ ಆರ್ಲಿಯನ್ಸಿನ ಬೋನ್ಸಾಯ್ ಕಲಾವಿದ ವಾನ್ ಬ್ಯಾಂಟಿಂಗ್ ಆ ಚಪ್ಪಟೆ ನೆತ್ತಿಯನ್ನೇ ಬೋನ್ಸಾಯ್ ಶೈಲಿಯಾಗಿ ರೂಪಿಸಿದರು. ಜಪಾನಿನ ಪೈನ್ ಮರದ ಅಚ್ಚಿಗೆ ಇದನ್ನು ಸುರಿಯುವುದಕ್ಕಿಂತ ಆ ದಾರಿಯೇ ನನಗೆ ಮೆಚ್ಚು.

ತೊಟ್ಟಿಯಲ್ಲಿಟ್ಟರೆ ಸೈಪ್ರೆಸ್ಸಿನ ಹೆಸರಾಂತ ಮೊಣಕಾಲು ಬೇರುಗಳು ಕುಂಡದಲ್ಲೂ ಏಳುತ್ತವೆ ಎಂಬ ಆಸೆಯೂ ಹಲವರಿಗಿದೆ. ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು, ನೋಡಿದವರಿಗೆ ಆ ನೋಟ ಹೊಸದಲ್ಲ: ಕುಲದ ನಂಟಿಲ್ಲದಿದ್ದರೂ ಅಲ್ಲಿಯ ಮರಗಳೂ ಕೆಸರಿನಿಂದ ಬೇರನ್ನು ಮಂಡಿಯಂತೆ ಮಡಚಿ ಮೇಲೆತ್ತುತ್ತವೆ. ಸೈಪ್ರೆಸ್ಸಿಗೆ ಈ ಮಂಡಿ ಏಕೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಅದಕ್ಕಾಗಿ ತೊಟ್ಟಿ ಬೇಡ.

ತೊಟ್ಟಿ ನಿಜಕ್ಕೂ ನೆರವಾಗುವುದು ಬೇಸಿಗೆಯಲ್ಲಿ. ಹ್ಯೂಸ್ಟನ್ನಿನ ಆಗಸ್ಟ್ ಬಿಸಿಲಿಗೆ ತಟ್ಟೆಯಂಥ ಕುಂಡ ಮಧ್ಯಾಹ್ನದೊಳಗೆ ಒಣಗುತ್ತದೆ, ನೀವು ಕೆಲಸಕ್ಕೆ ಹೋಗಿರುತ್ತೀರಿ. ಕುಂಡದ ಅರ್ಧದವರೆಗೆ ನೀರಿರಲಿ, ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ. ಇಲ್ಲದಿದ್ದರೆ ಮನೆಯವರಿಗೆಲ್ಲ ಸೊಳ್ಳೆ. ನವೆಂಬರಿನಲ್ಲಿ ಎಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿದಾಗ ಹೊರಗೆ ತೆಗೆಯಿರಿ. ಈ ಸಲ ತರುವ ಮರಕ್ಕೆ ಇದನ್ನು ಯಾವಾಗ ಶುರು ಮಾಡುವುದು ಎಂದರೆ, ವಾರಕ್ಕೊಮ್ಮೆ ಕುಂಡವನ್ನು ಮೆಲ್ಲನೆ ಓರೆ ಮಾಡಿ ಅಡಿಯ ತೂತುಗಳನ್ನು ನೋಡಿ. ಅಲ್ಲಿಂದ ಎಳೆ ಬೇರಿನ ತುದಿ ಇಣುಕಿದ ಮೇಲೆ ತೊಟ್ಟಿಗೆ ಇಳಿಸಬಹುದು.